ಹಳೆಯ ಮರದ ಸ್ಪೀಡ್‌ಬೋಟ್: ಮೊದಲು ತಳ, ಆಮೇಲೆ ಹೊಳಪು

ಅಮೆರಿಕದ ಮಿಷಿಗನ್ ರಾಜ್ಯದ ಆಲ್ಗೊನ್ಯಾಕ್‌ನಲ್ಲಿ ಹುಟ್ಟಿದ ಕ್ರಿಸ್-ಕ್ರಾಫ್ಟ್ ಕಂಪನಿಯ ಮಹಾಗನಿ ದೋಣಿಗಳು ಅಲ್ಲಿನ ಸರೋವರದ ದಂಡೆಯ ಶೆಡ್ಡುಗಳಲ್ಲಿ ಇಂದಿಗೂ ಸಿಗುತ್ತವೆ. 1940–50ರ ದಶಕದ 17 ಅಡಿಯ ದೋಣಿಯೊಂದನ್ನು ಹಿಡಿದು ಇಲ್ಲಿ ಕೆಲಸದ ಕ್ರಮ ಹೇಳಿದ್ದೇವೆ. ಕೊಂಡವರ ಕೈ ಮೊದಲು ಹೋಗುವುದು ಡೆಕ್ಕಿನ ವಾರ್ನಿಷ್ ಕೆರೆಯಲು. ಅದಕ್ಕೆ ಅವಸರವಿಲ್ಲ. ತಳ ಕೊಳೆತಿದ್ದರೆ ಮೇಲೆ ಎಷ್ಟು ಹೊಳೆದರೂ ದೋಣಿ ನೀರು ಕುಡಿಯುತ್ತದೆ.

ದೋಣಿಯ ಹಲ್ ನಂಬರ್, ಅಂದರೆ ಕಂಪನಿ ಆ ದೋಣಿಗೆ ಕೊಟ್ಟ ಸಂಖ್ಯೆ, ಹುಡುಕಿಟ್ಟುಕೊಳ್ಳಿ. ಕಂಪನಿಯ ಹಳೆಯ ದಾಖಲೆಗಳು ವರ್ಜೀನಿಯಾದ ನ್ಯೂಪೋರ್ಟ್ ನ್ಯೂಸ್‌ನಲ್ಲಿರುವ ಮ್ಯಾರಿನರ್ಸ್ ಮ್ಯೂಸಿಯಂನಲ್ಲಿವೆ. ಯಾವ ಎಂಜಿನ್ ಕೂರಿಸಿದ್ದರು ಎಂಬಂಥ ಮೂಲ ವಿವರ ಆ ನಂಬರಿಗೆ ಕಂಪನಿ ಬರೆದಿಟ್ಟ ಕಾರ್ಡಿನಲ್ಲಿ ಸಿಗುತ್ತದೆ.

ಆಕಾರ ಹಿಡಿದಿಡಿ

ಒಂದು ಸ್ಕ್ರೂ ಕೂಡ ಬಿಚ್ಚುವ ಮುನ್ನ ತಳಕ್ಕೆ ಉದ್ದದ ಮಟ್ಟಗೋಲು ಹಿಡಿದು ನೋಡಿ. ಟ್ರೈಲರ್‌ನ ಆಧಾರ ಹಿಂತುದಿಯವರೆಗೆ ಮುಟ್ಟದೆ ವರ್ಷಗಟ್ಟಲೆ ನಿಂತ ದೋಣಿಯ ಹಿಂಭಾಗ ಜೋತುಬಿದ್ದಿರುತ್ತದೆ. ಆಗ ತಳ ಅಲ್ಲಿ ಒಳಬಾಗಿ, ವೇಗದಲ್ಲಿ ಹಿಂಬದಿ ಮೇಲೆದ್ದು ಮೂತಿ ನೀರಿಗೆ ಒತ್ತುತ್ತದೆ. ತಳ ಹೊರಕ್ಕೆ ಉಬ್ಬಿದ್ದರೆ ಮೂತಿ ಏಳುತ್ತಾ ಬೀಳುತ್ತಾ ಕುಪ್ಪಳಿಸುತ್ತದೆ. ಇದನ್ನು ಈಗಲೇ ಜ್ಯಾಕ್ ಕೊಟ್ಟು ನಿಧಾನವಾಗಿ ಸರಿಪಡಿಸಬೇಕು. ಹೊಸ ಹಲಗೆ ಬಡಿದ ಮೇಲೆ ಆ ಸೊಟ್ಟ ಶಾಶ್ವತ.

ಎಂಜಿನ್ ಮತ್ತು ಪೆಟ್ರೋಲ್ ಟ್ಯಾಂಕ್ ಇಳಿಸಿ. ಡೆಕ್ ಬಿಚ್ಚಬೇಡಿ, ಅದೇ ಬದಿಗಳನ್ನು ಹಿಡಿದಿರುವುದು. ಒಳಗೆ ನಾಲ್ಕೈದು ಕಡೆ ಅಡ್ಡ ರೀಪು ಬಿಗಿದು, ಬೆಲ್ಟು ಸುತ್ತಿ ದೋಣಿಯನ್ನು ಬೋರಲು ಮಾಡಿ.

ತಳದ ಕೆಲಸ

ಮೂಲ ತಳ ಎರಡು ಪದರದ್ದು: ಒಳಗೆ ಓರೆಯಾಗಿ ಜೋಡಿಸಿದ ತೆಳು ಹಲಗೆ, ಹೊರಗೆ ಉದ್ದುದ್ದದ ಹಲಗೆ, ನಡುವೆ ಅಂಟುಲೇಪದಲ್ಲಿ ನೆನೆಸಿದ ಕ್ಯಾನ್ವಾಸ್. ಆ ಕ್ಯಾನ್ವಾಸ್ ಒಣಗಿ ಪುಡಿಯಾದರೆ ನಡುವೆ ನೀರು ನಿಂತು ಒಳಗಿಂದಲೇ ಕೊಳೆಯುತ್ತದೆ. ಹಳೆಯ ಬಣ್ಣದಲ್ಲಿ ಸೀಸ ಇರುವುದರಿಂದ ಮಾಸ್ಕ್ ಹಾಕಿ, ನೀರು ಹಚ್ಚಿ ಉಜ್ಜಿ.

ಸ್ಕ್ರೂ ತಲೆಗಳನ್ನು ಮುಚ್ಚಿದ ಮರದ ಬಿರಡೆ ಕಿತ್ತು, ಸ್ಕ್ರೂ ಬಿಚ್ಚಿ. ಹಿತ್ತಾಳೆಯ ಹಳೆಯ ಸ್ಕ್ರೂ ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ಅದರಲ್ಲಿದ್ದ ಸತು ಕರಗಿ ಹೋಗಿದೆ ಎಂದರ್ಥ, ತಿರುಗಿಸಿದರೆ ಮುರಿಯುತ್ತದೆ. ಹಲಗೆಗಳು ತುಂಡಾದರೂ ಎಸೆಯಬೇಡಿ, ನಂಬರ್ ಬರೆದು ಅಚ್ಚಿಗೆ ಇಟ್ಟುಕೊಳ್ಳಿ.

ಈಗ ದಬ್ಬಳ ಹಿಡಿದು ಚೌಕಟ್ಟು ಚುಚ್ಚಿ. ಕೀಲ್ (ತಳದ ನಡುವೆ ಉದ್ದಕ್ಕೂ ಹೋಗುವ ಬೆನ್ನೆಲುಬಿನಂಥ ಮರ), ಹಿಂಬದಿ ಹಲಗೆಯ ಕೆಳಮೂಲೆಗಳು, ಮೂತಿಯ ಬುಡ, ಚೌಕಟ್ಟಿನಲ್ಲಿ ನೀರು ಹರಿಯಲು ಬಿಟ್ಟ ತೂತುಗಳ ಸುತ್ತ: ಕೊಳೆತ ಸಿಗುವುದು ಇಲ್ಲೇ. ಇದಕ್ಕೆ ಕಾರಣ ಹೆಚ್ಚಾಗಿ ಸರೋವರದ ನೀರಲ್ಲ, ಮೇಲಿಂದ ಸೋರಿದ ಮಳೆನೀರು. ಮೆತ್ತಗಾದ ಚೌಕಟ್ಟನ್ನು ಒಂದೊಂದಾಗಿ ಬದಲಿಸಿ. ಎಲ್ಲವನ್ನೂ ಒಟ್ಟಿಗೆ ತೆಗೆದರೆ ಆಕಾರ ಕೈತಪ್ಪುತ್ತದೆ.

ಇಂದು ಹೆಚ್ಚಿನವರು ಒಳಪದರಕ್ಕೆ 6 ಮಿ.ಮೀ. ಮೆರೀನ್ ಪ್ಲೈವುಡ್ ಹಾಕುತ್ತಾರೆ. ಎಲ್ಲ ಮರಕ್ಕೂ, ಮುಖ್ಯವಾಗಿ ಕತ್ತರಿಸಿದ ಅಂಚುಗಳಿಗೆ, ತೆಳು ಎಪಾಕ್ಸಿ ಸೀಲರ್ (ಮರದೊಳಗೆ ಇಳಿದು ಗಟ್ಟಿಯಾಗುವ ರಾಳ) ಕುಡಿಸಿ. ಮೇಲೆ 3ಎಂ 5200 ಪಾಲಿಯುರೆಥೇನ್ ಲೇಪವನ್ನು ಹಲ್ಲಿರುವ ಕರಣೆಯಿಂದ ಎಳೆದು, ಅದು ಹೊಪ್ಪಳೆಗಟ್ಟುವ ಮೊದಲೇ ಹೊರಹಲಗೆ ಕೂರಿಸಿ, ಸಿಲಿಕಾನ್ ಬ್ರಾಂಜ್ ಸ್ಕ್ರೂ ಬಿಗಿಯಿರಿ. ಹಳೆಯ ತೂತು ಸಡಿಲವಾಗಿದ್ದರೆ ಒಂದು ನಂಬರ್ ದಪ್ಪದ್ದು ಬೇಕು. ಲೇಪ ಪೂರ್ತಿ ಗಟ್ಟಿಯಾಗಲು ಒಂದು ವಾರ ಬಿಡಿ.

ಹಳೆಯ ತಳವನ್ನೇ ಉಳಿಸಿಕೊಳ್ಳುವವರಿಗೆ ಒಂದು ಎಚ್ಚರಿಕೆ. ಒಣ ಹಲಗೆಗಳ ಬಿರುಕಿಗೆ ಎಪಾಕ್ಸಿ ಅಥವಾ ಗಟ್ಟಿ ಪುಟ್ಟಿ ತುಂಬಬೇಡಿ. ನೀರಿಗಿಳಿದಾಗ ಹಲಗೆ ಉಬ್ಬಲು ಜಾಗವಿಲ್ಲದೆ ಸ್ಕ್ರೂ ಕಿತ್ತು ಚೌಕಟ್ಟನ್ನೇ ಸೀಳುತ್ತದೆ. ಅಂಥ ದೋಣಿಯನ್ನು ಒಂದೆರಡು ದಿನ ನೀರಿನಲ್ಲಿ ಪಟ್ಟಿಗಳಿಂದ ತೂಗುಹಾಕಿ, ಒಳಬರುವ ನೀರಿಗೆ ಪಂಪ್ ಇಟ್ಟು, ಹಲಗೆ ಉಬ್ಬಿ ಬಿರುಕು ಮುಚ್ಚುವವರೆಗೆ ನೆನೆಸುವುದೇ ಮದ್ದು.

ಬಿರಡೆ, ಬಣ್ಣ, ವಾರ್ನಿಷ್

8ನೇ ನಂಬರ್ ಸ್ಕ್ರೂಗೆ ಸಾಮಾನ್ಯವಾಗಿ 3/8 ಇಂಚಿನ ಮಹಾಗನಿ ಬಿರಡೆ. ಬಿರಡೆಯ ಮರದ ಎಳೆಗಳು ಹಲಗೆಯ ಎಳೆಗಳ ದಿಕ್ಕಿನಲ್ಲೇ ಇರಲಿ. ಅಂಟಿಗೆ ವಾರ್ನಿಷ್ ಸಾಕು. ಎಪಾಕ್ಸಿ ಹಾಕಿದರೆ ಮುಂದೆ ಆ ಸ್ಕ್ರೂ ತೆಗೆಯುವವರು ಶಪಿಸುತ್ತಾರೆ. ಉಳಿಯಿಂದ ಮೊದಲು ಎತ್ತರದಲ್ಲಿ ಕತ್ತರಿಸಿ, ಎಳೆ ಯಾವ ಕಡೆ ಇಳಿಯುತ್ತದೆ ನೋಡಿಕೊಂಡು ನಂತರ ಮಟ್ಟ ಮಾಡಿ.

ಉದ್ದದ ಹಲಗೆಗೆ ಉಪ್ಪು ಕಾಗದ ಸುತ್ತಿ ಮೊದಲು 80ನೇ ನಂಬರ್, ಆಮೇಲೆ 120ರಲ್ಲಿ ಉಜ್ಜಿ (ನಂಬರ್ ಹೆಚ್ಚಿದಷ್ಟೂ ಕಾಗದ ನುಣುಪು). ಅದಕ್ಕಿಂತ ನುಣುಪಾದರೆ ಮರ ಬಣ್ಣ ಹೀರುವುದಿಲ್ಲ. ಬೆಲ್ಟ್ ಸ್ಯಾಂಡರ್ ಬೇಡವೇ ಬೇಡ, ಅದು ಬಿಡುವ ಗುಂಡಿ ವಾರ್ನಿಷ್ ಬಿದ್ದ ಮೇಲೆ ಕಾಣುತ್ತದೆ. ಎಳೆಗಳ ಸಂದು ತುಂಬಿ ಬಣ್ಣವನ್ನೂ ಕೊಡುವ ಮಹಾಗನಿ ಫಿಲ್ಲರ್ ಸ್ಟೇನ್ ಹಚ್ಚಿ, ಮಂಕಾಗುತ್ತಿದ್ದಂತೆ ಗೋಣಿತಟ್ಟಿನಿಂದ ಎಳೆಗೆ ಅಡ್ಡಲಾಗಿ ಒರೆಸಿ, ಎರಡು ದಿನ ಒಣಗಲು ಬಿಡಿ.

ವಾರ್ನಿಷ್‌ನ ಮೊದಲ ಕೋಟಿಗೆ ಅರ್ಧಕ್ಕರ್ಧ ಥಿನ್ನರ್, ಎರಡನೆಯದಕ್ಕೆ ಕಾಲುಭಾಗ. ಅಲ್ಲಿಂದ ಮುಂದೆ 10–12 ಕೋಟು. ಮೊದಲ ಕೆಲವನ್ನು ಬಿಟ್ಟು ಪ್ರತಿ ಕೋಟಿನ ನಡುವೆ 220, ಕೊನೆಗೆ 320ರಲ್ಲಿ ಹಗುರ ಉಜ್ಜಾಟ. ನೇರ ಬಿಸಿಲಲ್ಲಿ ಗುಳ್ಳೆ ಏಳುತ್ತದೆ, ಸಂಜೆ ತಡವಾದರೆ ಇಬ್ಬನಿ ಬಿದ್ದು ಹೊಳಪು ಸಾಯುತ್ತದೆ.

ಎಂಜಿನ್

ಮಿಷಿಗನ್ ಚಳಿಗೆ ಒಳಗೆ ಉಳಿದ ನೀರು ಹೆಪ್ಪುಗಟ್ಟಿ ಬ್ಲಾಕ್ ಸೀಳಿರಬಹುದು. ಬಿಚ್ಚುವ ಮೊದಲು ಒತ್ತಡ ಪರೀಕ್ಷೆ ಮಾಡಿಸಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ತಳದಲ್ಲಿ ಕೂರುತ್ತದೆ. ಸ್ಟಾರ್ಟ್ ಮಾಡುವ ಮುಂಚೆ ಆವಿಯನ್ನು ಹೊರದೂಡುವ ಫ್ಯಾನ್ (ಬ್ಲೋವರ್) ಕನಿಷ್ಠ ನಾಲ್ಕು ನಿಮಿಷ ಓಡಿಸಿ, ಮೂಗಿನಿಂದಲೂ ಪರೀಕ್ಷಿಸಿ.

ಎಂಜಿನ್ ಮತ್ತು ಪ್ರೊಪೆಲ್ಲರ್ ಶಾಫ್ಟ್ ಸೇರುವ ಕಪ್ಲಿಂಗ್‌ನ ಎರಡು ಮುಖಗಳ ನಡುವಿನ ಸಂದಿನ ವ್ಯತ್ಯಾಸ ಸುತ್ತಲೂ 0.003 ಇಂಚು ಮೀರಬಾರದು. ಶೆಡ್ಡಿನಲ್ಲಿ ಅಂದಾಜಿಗೆ ಕೂರಿಸಿ. ನೀರಿಗಿಳಿದ ಮೇಲೆ ಮರ ತನ್ನ ಆಕಾರಕ್ಕೆ ಬರುತ್ತದೆ, ಆದ್ದರಿಂದ ಒಂದೆರಡು ದಿನ ತೇಲಲು ಬಿಟ್ಟು ಫೀಲರ್ ಗೇಜ್ (ಸಂದು ಅಳೆಯುವ ತೆಳು ಲೋಹದ ಪಟ್ಟಿಗಳು) ಹಾಕಿ ಮತ್ತೆ ಅಳೆದು, ಆಮೇಲಷ್ಟೇ ಬೋಲ್ಟುಗಳನ್ನು ಕೊನೆಯ ಸಲ ಬಿಗಿಯಿರಿ.