ಅರ್ಜಿಯಲ್ಲಿ ಖಾಲಿ ಉಳಿದ ವರ್ಷಗಳ ಬಗ್ಗೆ ನಾನು ಬರೆದದ್ದು, ಬರೆಯದೆ ಬಿಟ್ಟದ್ದು

ಸಂಖ್ಯಾಶಾಸ್ತ್ರದಲ್ಲಿ ಉನ್ನತ ವ್ಯಾಸಂಗಕ್ಕಾಗಿ ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಅರ್ಜಿ ಸಲ್ಲಿಸುವ ಹೊತ್ತಿಗೆ ನನ್ನ ದಾಖಲೆಗಳಲ್ಲಿ ವಿವರಣೆ ಬೇಡುವ ಜಾಗಗಳು ಎರಡಿದ್ದವು. ಪದವಿಯ ಕೊನೆಯ ವರ್ಷದ ಅಂಕಗಳು ಹಿಂದಿನ ವರ್ಷಗಳಿಗೆ ಹೋಲಿಸಿದರೆ ಎದ್ದು ಕಾಣುವಷ್ಟು ಕುಸಿದಿದ್ದವು; ಆಮೇಲೆ ಸೇರಿದ ಉದ್ಯೋಗವನ್ನು ಬಿಟ್ಟ ನಂತರದ ಸುಮಾರು ಎರಡು ವರ್ಷಗಳ ಬಗ್ಗೆ ರೆಸ್ಯೂಮೆಯಲ್ಲಿ ಬರೆಯಲು ಏನೂ ಇರಲಿಲ್ಲ. ಎರಡಕ್ಕೂ ಕಾರಣ ತೀವ್ರ ಖಿನ್ನತೆ. ಇದರ ಬಗ್ಗೆ ಏನನ್ನು, ಎಷ್ಟನ್ನು, ಅರ್ಜಿಯ ಯಾವ ಭಾಗದಲ್ಲಿ ಹೇಳಬೇಕೆಂದು ತೀರ್ಮಾನಿಸಲು ನನಗೆ ಎಸ್‌ಒಪಿ, ಅಂದರೆ ವ್ಯಾಸಂಗದ ಉದ್ದೇಶವನ್ನು ವಿವರಿಸುವ ಬರಹ, ಬರೆಯುವುದಕ್ಕಿಂತ ಹೆಚ್ಚು ಸಮಯ ಹಿಡಿಯಿತು. ಹಾಗೆ ತೀರ್ಮಾನಿಸಿದ ಬಗೆಯನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ಏನೂ ಹೇಳದೆ ಬಿಟ್ಟರೆ ಹೇಗೆ ಎಂಬುದು ಮೊದಲ ಪ್ರಶ್ನೆ. ಕೆಲವೇ ತಿಂಗಳ ಬಿಡುವಾಗಿದ್ದರೆ ನಾನು ಸುಮ್ಮನಿರುತ್ತಿದ್ದೆ. ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಸೇರುವವರಿಗೆ ಅಷ್ಟು ಬಿಡುವು ಸಹಜವೆಂದು ಯಾರಾದರೂ ಒಪ್ಪುತ್ತಾರೆ. ಎರಡು ವರ್ಷವನ್ನು ಯಾರೂ ಹಾಗೆ ದಾಟಿ ಹೋಗುವುದಿಲ್ಲ. ದತ್ತಾಂಶದಲ್ಲಿ ಬಿಟ್ಟುಹೋದ ಮೌಲ್ಯಗಳ, ಅಂದರೆ ದಾಖಲಾಗದೆ ಖಾಲಿ ಉಳಿದ ಅಂಕಿಗಳ, ಕುರಿತು ಸಂಖ್ಯಾಶಾಸ್ತ್ರಜ್ಞ ಡೊನಾಲ್ಡ್ ರೂಬಿನ್ 1976ರಲ್ಲಿ ಪ್ರಕಟಿಸಿದ ಪ್ರಬಂಧವನ್ನು ನನ್ನ ವಿಷಯದ ವಿದ್ಯಾರ್ಥಿಗಳೆಲ್ಲ ಒಂದಲ್ಲ ಒಂದು ಹಂತದಲ್ಲಿ ಎದುರಿಸುತ್ತಾರೆ. ಮೌಲ್ಯವೊಂದು ಯಾವ ಕಾರಣದಿಂದ ಬಿಟ್ಟುಹೋಯಿತು ಎಂಬುದನ್ನು ಯಾವ ಸಂದರ್ಭದಲ್ಲಿ ಕಡೆಗಣಿಸಬಹುದು, ಯಾವಾಗ ಕಡೆಗಣಿಸಲಾಗದು ಎಂಬುದೇ ಅದರ ತಿರುಳು. ಅರ್ಜಿ ಓದುವ ಪ್ರಾಧ್ಯಾಪಕರು ಈ ಲೆಕ್ಕವನ್ನು ಕಾಗದದ ಮೇಲೆ ಮಾಡುವುದಿಲ್ಲ, ಮನಸ್ಸಿನಲ್ಲೇ ಮಾಡುತ್ತಾರೆ. ಖಾಲಿ ಕೋಶ ಕಂಡರೆ ತಮಗೆ ತೋಚಿದ ಕಾರಣವನ್ನು ಅದರಲ್ಲಿ ತುಂಬಿಕೊಳ್ಳುತ್ತಾರೆ: ಕೆಲಸದಿಂದ ತೆಗೆದಿರಬಹುದು, ಶಿಸ್ತುಕ್ರಮ ನಡೆದಿರಬಹುದು, ವಿಷಯದಲ್ಲಿ ಆಸಕ್ತಿಯೇ ಉಳಿದಿರಲಿಕ್ಕಿಲ್ಲ. ಅವರ ಊಹೆಗೆ ಬಿಡುವುದಕ್ಕಿಂತ ನಿಜವಾದ ಕಾರಣದ ಒಂದು ಭಾಗವನ್ನಾದರೂ ನಾನೇ ಕೊಡುವುದು ಮೇಲೆಂದು ನನಗೆ ಅನ್ನಿಸಿತು.

ಆ ಭಾಗ ಎಷ್ಟಿರಬೇಕು ಎಂಬುದು ಇದಕ್ಕಿಂತ ಕಷ್ಟದ ಪ್ರಶ್ನೆ. ಡ್ರೂ ಆಪಲ್‌ಬಿ ಮತ್ತು ಕ್ಯಾರೆನ್ ಆಪಲ್‌ಬಿ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಸಮೀಕ್ಷೆಯೊಂದು ಈ ವಿಚಾರದಲ್ಲಿ ಪದೇ ಪದೇ ಉಲ್ಲೇಖವಾಗುತ್ತದೆ. ಮನಶ್ಶಾಸ್ತ್ರದ ಉನ್ನತ ವ್ಯಾಸಂಗ ವಿಭಾಗಗಳ ಪ್ರವೇಶ ಸಮಿತಿಗಳ ಮುಖ್ಯಸ್ಥರನ್ನು ಅವರು ಕೇಳಿದ್ದು, ಉತ್ತಮವಾಗಿದ್ದ ಅರ್ಜಿಯೊಂದು ಯಾವ ಸಂಗತಿಯಿಂದ ಕೈತಪ್ಪಿಹೋಗುತ್ತದೆ ಎಂದು. ಬಂದ ಉತ್ತರಗಳಲ್ಲಿ ಅರ್ಜಿದಾರರು ತಮ್ಮ ಮಾನಸಿಕ ಆರೋಗ್ಯದ ಖಾಸಗಿ ವಿವರಗಳನ್ನು ಬರೆದುಕೊಳ್ಳುವುದೂ ಒಂದಾಗಿತ್ತು. ಮನಸ್ಸಿನ ಕಾಯಿಲೆಯನ್ನು ಓದುವುದೇ ವೃತ್ತಿಯಾಗಿರುವವರ ಬಾಯಿಂದ ಇದು ಬಂದದ್ದು ನನ್ನನ್ನು ಕೆಣಕಿತು. ಒಂದೇ ವಿಷಯಕ್ಕೆ ಸೀಮಿತವಾದ ಹಳೆಯ ಸಮೀಕ್ಷೆ ಎಂಬುದು ನಿಜ, ಆದ್ದರಿಂದ ಅದನ್ನು ನಾನು ಶಾಸನದಂತೆ ತೆಗೆದುಕೊಳ್ಳಲಿಲ್ಲ. ಆದರೂ ಸಂಖ್ಯಾಶಾಸ್ತ್ರದ ವಿಭಾಗಗಳು ಮನಶ್ಶಾಸ್ತ್ರದವರಿಗಿಂತ ಹೆಚ್ಚು ಉದಾರವಾಗಿರುತ್ತವೆ ಎಂದು ನಂಬಲು ನನಗೆ ಯಾವ ಆಧಾರವೂ ಇರಲಿಲ್ಲ.

ಇದಕ್ಕೆ ಎದುರಾಗಿ, ಧೈರ್ಯದಿಂದ ಎಲ್ಲವನ್ನೂ ಹೇಳಿಬಿಡು ಎಂದವರೂ ಇದ್ದರು. ಅವರು ಕೊಡುತ್ತಿದ್ದ ಉದಾಹರಣೆಗಳು ಎಲಿನ್ ಸ್ಯಾಕ್ಸ್ ಮತ್ತು ಮಾರ್ಶಾ ಲೈನ್‌ಹನ್. ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಕಾನೂನು ಪ್ರಾಧ್ಯಾಪಕಿಯಾಗಿರುವ ಸ್ಯಾಕ್ಸ್ ತಮಗಿರುವ ಸ್ಕಿಜೋಫ್ರೇನಿಯಾದ ಬಗ್ಗೆ 2007ರಲ್ಲಿ ಬಹಿರಂಗವಾಗಿ ಬರೆದರು. ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ ಎಂಬ ಮನೋಚಿಕಿತ್ಸೆಯನ್ನು ರೂಪಿಸಿದ ಲೈನ್‌ಹನ್ ತಾವೂ ಹರೆಯದಲ್ಲಿ ಮಾನಸಿಕ ಚಿಕಿತ್ಸೆಗಾಗಿ ಆಸ್ಪತ್ರೆಯಲ್ಲಿದ್ದೆನೆಂದು 2011ರಲ್ಲಿ ಹೇಳಿಕೊಂಡರು. ಇಬ್ಬರ ಮೇಲೂ ನನಗೆ ಗೌರವವಿದೆ. ಆದರೆ ಇಬ್ಬರೂ ಹೇಳಿಕೊಂಡದ್ದು ಪ್ರಾಧ್ಯಾಪಕರಾಗಿ ನೆಲೆಯೂರಿ, ಹೆಸರು ಗಳಿಸಿದ ಬಹಳ ಕಾಲದ ನಂತರ ಎಂಬುದನ್ನು ಉದಾಹರಣೆ ಕೊಡುವವರು ಮರೆಯುತ್ತಾರೆ. ಒಳಗೆ ಕಾಲಿಡಲು ಅನುಮತಿ ಕೇಳುತ್ತಿರುವವರ ಪರಿಸ್ಥಿತಿ ಬೇರೆ. ಅರ್ಜಿಯಲ್ಲಿ ಒಮ್ಮೆ ಬರೆದದ್ದನ್ನು ಮರಳಿ ಪಡೆಯಲಾಗದು. ಅದನ್ನು ಓದುವವರು ಎಷ್ಟು ಮಂದಿ, ಅವರಲ್ಲಿ ಯಾರು ಮುಂದೆ ನಮಗೆ ಮಾರ್ಗದರ್ಶಕರಾಗುತ್ತಾರೆ ಎಂಬುದು ಬರೆಯುವಾಗ ತಿಳಿದಿರುವುದೂ ಇಲ್ಲ.

ಕೊನೆಗೆ ನಾನು ಹಿಡಿದ ನಿಲುವು ಸರಳವಾದದ್ದು. ಪ್ರವೇಶ ಸಮಿತಿಗೆ ನನ್ನ ಕಾಯಿಲೆಯ ಬಗ್ಗೆ ಕುತೂಹಲವಿಲ್ಲ, ಸೇರಿಸಿಕೊಂಡರೆ ಈ ವ್ಯಕ್ತಿ ಓದು ಮುಗಿಸುತ್ತಾನೆಯೇ ಎಂಬ ಅನುಮಾನವಿದೆ. ಆ ಅನುಮಾನವನ್ನು ತೀರಿಸಲು ಬೇಕಾಗುವಷ್ಟನ್ನು ಮಾತ್ರ ಹೇಳುವುದು, ರೋಗದ ಹೆಸರನ್ನು ಹೇಳದಿರುವುದು ಎಂದು ನಿರ್ಧರಿಸಿದೆ. ಹೆಸರು ಹೇಳದಿರುವುದು ಮುಚ್ಚಿಡುವುದಾಗುತ್ತದೆಯೇ ಎಂದು ಕೆಲಕಾಲ ಯೋಚಿಸಿದ್ದುಂಟು. ಮೂತ್ರಪಿಂಡದ ಕಾಯಿಲೆಯಿಂದ ಎರಡು ವರ್ಷ ಮಲಗಿದ್ದವರು ತಮ್ಮ ರಕ್ತಪರೀಕ್ಷೆಯ ವಿವರಗಳನ್ನು ಅರ್ಜಿಯಲ್ಲಿ ಬರೆಯಬೇಕೆಂದು ಯಾರೂ ನಿರೀಕ್ಷಿಸುವುದಿಲ್ಲ; ಆರೋಗ್ಯದ ಕಾರಣ ಎಂದರೆ ಅಲ್ಲಿಗೆ ಸಾಕಾಗುತ್ತದೆ. ನನಗೂ ಅದೇ ಅಳತೆ ಅನ್ವಯಿಸಬೇಕು. ಹೇಳದೆ ಬಿಡುವುದಕ್ಕೂ ಸುಳ್ಳು ಹೇಳುವುದಕ್ಕೂ ಇರುವ ಗೆರೆಯನ್ನು ಮಾತ್ರ ನಾನು ಕಟ್ಟುನಿಟ್ಟಾಗಿ ಕಾಯ್ದುಕೊಂಡೆ. ಆ ಎರಡು ವರ್ಷ ಫ್ರೀಲಾನ್ಸ್ ಕೆಲಸ ಮಾಡುತ್ತಿದ್ದೆ ಎಂದು ಬರೆದುಬಿಡು, ಯಾರು ನೋಡಲು ಬರುತ್ತಾರೆ ಎಂದು ಸಲಹೆ ಕೊಟ್ಟವರಿದ್ದರು. ಅಂಥ ಸುಳ್ಳು ಬಯಲಾದರೆ ಪ್ರವೇಶ ಸಿಕ್ಕಿದ ಮೇಲೂ ರದ್ದಾಗಬಹುದು. ಕಾಯಿಲೆ ಬಿದ್ದದ್ದಕ್ಕೆ ಆ ಶಿಕ್ಷೆ ಯಾರೂ ಕೊಡುವುದಿಲ್ಲ. ಹಾಗೆಯೇ ವ್ಯಾಸಂಗಕ್ಕೆ ಅಡ್ಡಿಯಾಗಿತ್ತೇ, ರಜೆಯ ಮೇಲೆ ಹೋಗಿದ್ದೀರಾ ಎಂದು ಅರ್ಜಿ ನಮೂನೆಯೇ ನೇರವಾಗಿ ಕೇಳಿದ್ದರೆ ಅಲ್ಲಿ ನಿಜವನ್ನಷ್ಟೇ, ಚಿಕ್ಕದಾಗಿ ಬರೆದೆ.

ರೆಸ್ಯೂಮೆಯಲ್ಲಿ ತಿಂಗಳುಗಳನ್ನು ಬಿಟ್ಟು ವರ್ಷಗಳನ್ನಷ್ಟೇ ನಮೂದಿಸುವುದು ಸಣ್ಣ ಬಿಡುವುಗಳನ್ನು ಮರೆಸುತ್ತದೆ, ದೊಡ್ಡದನ್ನು ಮರೆಸುವುದಿಲ್ಲ. ಕೆಲವು ಆನ್‌ಲೈನ್ ನಮೂನೆಗಳು ತಿಂಗಳನ್ನು ತುಂಬದೆ ಮುಂದೆ ಹೋಗಲೂ ಬಿಡುವುದಿಲ್ಲ.

ವಿವರಣೆಯನ್ನು ಎಲ್ಲಿ ಇಡಬೇಕು ಎಂಬುದರ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯವಿದೆ. ಎಸ್‌ಒಪಿಯಲ್ಲಿ ಅದಕ್ಕೆ ಜಾಗವಿಲ್ಲ. ಆ ಪುಟಗಳು ನಾನು ಏನನ್ನು ಸಂಶೋಧಿಸಬೇಕೆಂದಿದ್ದೇನೆ, ಅದಕ್ಕೆ ಏನು ತಯಾರಿ ಮಾಡಿಕೊಂಡಿದ್ದೇನೆ, ಈ ವಿಭಾಗವೇ ಏಕೆ ಬೇಕು ಎಂಬುದಕ್ಕೆ ಮೀಸಲು. ಅದರ ಮೊದಲ ಪ್ಯಾರಾದಲ್ಲಿ ಕಾಯಿಲೆ ಬಂದರೆ ಓದುವವರು ಉಳಿದೆಲ್ಲವನ್ನೂ ಅದರ ನೆರಳಿನಲ್ಲೇ ಓದುತ್ತಾರೆ. ಬಹುಪಾಲು ಅರ್ಜಿಗಳಲ್ಲಿ ಹೆಚ್ಚುವರಿ ಮಾಹಿತಿ ಎಂಬ ಐಚ್ಛಿಕ ಭಾಗವೊಂದು ಇರುತ್ತದೆ, ಅದು ಇಂಥದ್ದಕ್ಕಾಗಿಯೇ ಇರುವುದು. ಅದಿಲ್ಲದ ಕಡೆ ಎಸ್‌ಒಪಿಯ ಕೊನೆಯ ಭಾಗದಲ್ಲಿ, ಶೈಕ್ಷಣಿಕ ತಯಾರಿಯ ಮಾತು ಮುಗಿದ ಮೇಲೆ, ಒಂದೆರಡು ವಾಕ್ಯ ಸೇರಿಸಿದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹಲವು ಕ್ಯಾಂಪಸ್‌ಗಳು ವೈಯಕ್ತಿಕ ಹಿನ್ನೆಲೆಯ ಕುರಿತು ಬೇರೆಯೇ ಬರಹವೊಂದನ್ನು ಕೇಳುತ್ತವೆ. ಎದುರಿಸಿದ ಅಡೆತಡೆಗಳ ಬಗ್ಗೆ ಅಲ್ಲಿ ಕೇಳುವುದರಿಂದ ಎಲ್ಲವನ್ನೂ ತೋಡಿಕೊಳ್ಳುವ ಆಸೆ ಆಗುತ್ತದೆ. ಅಲ್ಲಿಯೂ ನಾನು ಇದೇ ಅಳತೆಯನ್ನು ಬಿಡಲಿಲ್ಲ.

ಬರೆಯುವ ಕೆಲಸವನ್ನು ಎರಡಾಗಿ ಮಾಡಿಕೊಂಡೆ. ಮೊದಲನೆಯ ಕರಡು ನನಗಾಗಿ ಮಾತ್ರ; ಅದರಲ್ಲಿ ನಿದ್ರೆ ಇಲ್ಲದ ರಾತ್ರಿಗಳು, ಹೊಂದಿಕೆಯಾಗದ ಔಷಧಗಳು, ಕೆಲಸ ಬಿಡಬೇಕಾಗಿ ಬಂದಾಗಿನ ಅವಮಾನ ಎಲ್ಲವೂ ಇದ್ದವು. ಅದನ್ನು ಯಾರಿಗೂ ಕಳುಹಿಸುವ ಉದ್ದೇಶ ಇರಲಿಲ್ಲ, ಆದರೆ ಅದನ್ನು ಬರೆಯದಿದ್ದರೆ ಎರಡನೆಯದು ಇಷ್ಟು ತಣ್ಣಗೆ ಬರುತ್ತಿರಲಿಲ್ಲ. ಎರಡನೆಯದು ಹೆಚ್ಚುಕಡಿಮೆ ಹೀಗಿತ್ತು: “ಪದವಿಯ ಕೊನೆಯ ವರ್ಷದಲ್ಲಿ ಆರಂಭವಾದ ಆರೋಗ್ಯ ಸಮಸ್ಯೆಯೊಂದರಿಂದ ಆ ವರ್ಷದ ನನ್ನ ಅಂಕಗಳು ಕುಸಿದವು, ಮುಂದೆ ಚಿಕಿತ್ಸೆಗಾಗಿ ಉದ್ಯೋಗವನ್ನು ಬಿಡಬೇಕಾಯಿತು. ಚಿಕಿತ್ಸೆಯಿಂದ ನನ್ನ ಆರೋಗ್ಯ ಸ್ಥಿರವಾಗಿದೆ. ಆ ಬಳಿಕ ಸಂಭವನೀಯತಾ ಸಿದ್ಧಾಂತ ಮತ್ತು ರೇಖೀಯ ಮಾದರಿಗಳ ಕುರಿತು ಮುಂದುವರಿದ ಹಂತದ ಕೋರ್ಸ್‌ಗಳನ್ನು ಪೂರೈಸಿದ್ದೇನೆ, ಕಳೆದ ಒಂದು ವರ್ಷದಿಂದ ದತ್ತಾಂಶ ವಿಶ್ಲೇಷಕನಾಗಿ ಪೂರ್ಣಾವಧಿ ಕೆಲಸ ಮಾಡುತ್ತಿದ್ದೇನೆ. ನನ್ನ ಈಗಿನ ಸಾಮರ್ಥ್ಯವನ್ನು ಈ ಕೆಲಸ ಮತ್ತು ಅಂಕಗಳು ಹೆಚ್ಚು ಸರಿಯಾಗಿ ತೋರಿಸುತ್ತವೆ.”

ಇದರಲ್ಲಿ ಕ್ಷಮೆ ಕೇಳುವ ಮಾತಿಲ್ಲ, ಕಾಯಿಲೆಯಿಂದ ನಾನು ಉತ್ತಮ ಮನುಷ್ಯನಾದೆ ಎಂಬ ಮಾತೂ ಇಲ್ಲ. ಎರಡನ್ನೂ ಬೇಕೆಂದೇ ತೆಗೆದೆ. ಸಂಪೂರ್ಣ ಗುಣಮುಖನಾಗಿದ್ದೇನೆ ಎಂದು ಬರೆಯುವಂತೆ ಸ್ನೇಹಿತರೊಬ್ಬರು ಹೇಳಿದ್ದರು. ಖಿನ್ನತೆ ಮರುಕಳಿಸುವ ಸ್ವಭಾವದ್ದು, ನಾನು ಔಷಧವನ್ನು ಇನ್ನೂ ತೆಗೆದುಕೊಳ್ಳುತ್ತಿದ್ದೆ, ಆದ್ದರಿಂದ ಆ ಭರವಸೆಯನ್ನು ಕೊಡಲು ನನಗೂ ಹಕ್ಕಿರಲಿಲ್ಲ, ನನ್ನ ಮನೋವೈದ್ಯರಿಗೂ ಇರಲಿಲ್ಲ. ಸ್ಥಿರವಾಗಿದೆ ಎಂಬುದು ನಿಜವಾಗಿತ್ತು.

ಆ ಪ್ಯಾರಾದ ಬಲವೆಲ್ಲ ಇರುವುದು ಮೂರನೆಯ ವಾಕ್ಯದಲ್ಲಿ. ಆರೋಗ್ಯ ಸುಧಾರಿಸಿದೆ ಎಂದು ಯಾರು ಬೇಕಾದರೂ ಬರೆಯಬಹುದು. ಅದನ್ನು ನಂಬುವಂತೆ ಮಾಡುವುದು ಅದರ ನಂತರದ ದಾಖಲೆ. ಇದೇ ಕಾರಣಕ್ಕೆ ನಾನು ಚೇತರಿಸಿಕೊಂಡ ತಕ್ಷಣ ಅರ್ಜಿ ಹಾಕದೆ ಒಂದು ಸುತ್ತನ್ನು ಬೇಕೆಂದೇ ಬಿಟ್ಟೆ. ಮೊದಲು ಅರ್ಧ ದಿನದ ಕೆಲಸ ಹಿಡಿದೆ, ಅದು ಹೊರಲಾಗದ ಹೊರೆಯಲ್ಲವೆಂದು ಖಚಿತವಾದ ಮೇಲೆ ಪೂರ್ಣಾವಧಿಗೆ ಹೋದೆ. ಜೊತೆಗೆ ಅಂಕ ಕೊಡುವ, ಪರೀಕ್ಷೆ ಇರುವ ಕೋರ್ಸ್‌ಗಳನ್ನೇ ಆಯ್ದುಕೊಂಡೆ, ಏಕೆಂದರೆ ಹಾಜರಾತಿಯ ಪ್ರಮಾಣಪತ್ರ ಕುಸಿದ ಅಂಕಗಳಿಗೆ ಉತ್ತರವಾಗುವುದಿಲ್ಲ. ಈ ವರ್ಷ ಸಮಿತಿಗಾಗಿ ಮಾತ್ರ ಕಳೆದದ್ದಲ್ಲ. ಗಡುವುಗಳು, ಪರೀಕ್ಷೆಗಳು, ಒಂಟಿತನ ಸೇರಿದ ವ್ಯಾಸಂಗದ ಬದುಕನ್ನು ನಾನು ಮತ್ತೆ ತಾಳಿಕೊಳ್ಳಬಲ್ಲೆನೇ ಎಂಬುದು ನನಗೂ ತಿಳಿಯಬೇಕಿತ್ತು.

ಎಲ್ಲರೂ ಕಡೆಗಣಿಸುವ ಅಪಾಯವೊಂದು ಶಿಫಾರಸು ಪತ್ರಗಳಲ್ಲಿದೆ. ನಾನು ಎಷ್ಟೇ ಅಳೆದು ತೂಗಿ ಬರೆದರೂ, ನನ್ನನ್ನು ಹತ್ತಿರದಿಂದ ಬಲ್ಲ ಪ್ರಾಧ್ಯಾಪಕರೊಬ್ಬರು ಒಳ್ಳೆಯ ಮನಸ್ಸಿನಿಂದಲೇ ಖಿನ್ನತೆಯ ನಡುವೆಯೂ ಈತ ಓದಿದ ಎಂದು ಬರೆದುಬಿಟ್ಟರೆ ಎಲ್ಲವೂ ಅಲ್ಲಿಗೆ ಬಯಲಾಗುತ್ತದೆ. ಅಮೆರಿಕದ 1974ರ ಕಾಯಿದೆಯೊಂದು ಪ್ರವೇಶ ಪಡೆದ ವಿದ್ಯಾರ್ಥಿಗಳಿಗೆ ತಮ್ಮ ಕಡತವನ್ನು ನೋಡುವ ಹಕ್ಕು ಕೊಡುತ್ತದೆ, ಆದರೆ ಶಿಫಾರಸು ಪತ್ರಗಳ ಮಟ್ಟಿಗೆ ಆ ಹಕ್ಕನ್ನು ಬಿಟ್ಟುಕೊಡುತ್ತೀರಾ ಎಂದು ಅರ್ಜಿಯಲ್ಲೇ ಕೇಳುತ್ತಾರೆ, ಪತ್ರದ ಮೇಲೆ ನಂಬಿಕೆ ಉಳಿಯಲಿ ಎಂದು ಹೆಚ್ಚಿನವರು ಬಿಟ್ಟುಕೊಡುತ್ತಾರೆ. ಹೀಗಾಗಿ ಮಾತುಕತೆ ಮೊದಲೇ ಆಗಬೇಕು. ಪತ್ರ ಬರೆಯಲು ಒಪ್ಪಿದ ಪ್ರತಿಯೊಬ್ಬರಿಗೂ ನನ್ನ ಆ ಪ್ಯಾರಾವನ್ನು ಕಳುಹಿಸಿ, “ನಾನು ಇಷ್ಟನ್ನು ಮಾತ್ರ ಹೇಳಿದ್ದೇನೆ, ನೀವೂ ಇದರ ಒಳಗೇ ಇರುವಂತೆ ಬರೆದರೆ ಉಪಕಾರವಾಗುತ್ತದೆ, ಸರ್” ಎಂದು ಕೇಳಿಕೊಂಡೆ. ಒಬ್ಬ ಗುರುಗಳನ್ನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಕೇಳಿದೆ: ಕುಸಿತಕ್ಕೆ ಮುಂಚೆ ನನ್ನನ್ನು ಪಾಠದಲ್ಲಿ ಕಂಡಿದ್ದವರು ಅವರು, ಆಮೇಲಿನ ಕೋರ್ಸ್‌ನಲ್ಲೂ ಕಂಡಿದ್ದರು, ಆದ್ದರಿಂದ ಎರಡೂ ಕಾಲದ ಕೆಲಸವನ್ನು ಹೋಲಿಸಿ ಬರೆಯಲು ಅವರೊಬ್ಬರಿಗೇ ಸಾಧ್ಯವಿತ್ತು. ಅಂಕಪಟ್ಟಿಯ ಕುಸಿತವನ್ನು ಅರ್ಜಿದಾರ ವಿವರಿಸುವುದಕ್ಕಿಂತ ಕಲಿಸಿದವರು ವಿವರಿಸಿದರೆ ಅದಕ್ಕೆ ತೂಕ ಹೆಚ್ಚು.

ನನ್ನ ಈ ಅಳತೆ ಎಲ್ಲ ವಿಷಯಗಳಿಗೂ ಒಗ್ಗುವುದಿಲ್ಲ. ಸಾರ್ವಜನಿಕ ಆರೋಗ್ಯ, ಸಮಾಜಕಾರ್ಯ, ಅಂಗವೈಕಲ್ಯ ಅಧ್ಯಯನದಂಥ ಕ್ಷೇತ್ರಗಳಲ್ಲಿ ಕಾಯಿಲೆಯ ಅನುಭವವೇ ಸಂಶೋಧನೆಯ ಪ್ರಶ್ನೆಯನ್ನು ಹುಟ್ಟಿಸಿರಬಹುದು, ಆಗ ಅದನ್ನು ಬಿಟ್ಟು ಬರೆದರೆ ಪ್ರಶ್ನೆ ಎಲ್ಲಿಂದ ಬಂತೆಂಬುದು ತಿಳಿಯುವುದಿಲ್ಲ. ಅಲ್ಲಿಯೂ ಮೊದಲು ಪ್ರಶ್ನೆ, ನಂತರ ಅನುಭವ ಎಂಬ ಕ್ರಮವನ್ನು ನಾನಾಗಿದ್ದರೆ ಪಾಲಿಸುತ್ತಿದ್ದೆ. ವೈದ್ಯಕೀಯ ಮತ್ತು ಕಾನೂನು ಓದುವವರಿಗೆ ಇನ್ನೊಂದು ಎಚ್ಚರ ಬೇಕು. ಮುಂದೆ ಪರವಾನಗಿ ಪಡೆಯುವಾಗ ಕೇಳುವ ಪ್ರಶ್ನೆಗಳಿಗೆ ಕೊಡುವ ಉತ್ತರ ಈಗಿನ ಅರ್ಜಿಗೆ ತಾಳೆಯಾಗಬೇಕು.

ಸಂದರ್ಶನದಲ್ಲಿ ಈ ಮಾತು ಬಂದೇ ಬರುತ್ತದೆಂದು ಅದೇ ಪ್ಯಾರಾವನ್ನು ಆಡುಮಾತಿಗೆ ಇಳಿಸಿ ಸಿದ್ಧವಾಗಿಟ್ಟುಕೊಂಡಿದ್ದೆ. ಆರೋಗ್ಯದ ಕಾರಣದಿಂದ ಬಿಡುವು ತೆಗೆದುಕೊಂಡೆ, ಈಗ ಸರಿಯಾಗಿದೆ ಎಂದು ಹೇಳಿ, ಉಸಿರು ಬಿಡುವ ಮುಂಚೆಯೇ ಆಗ ಮಾಡುತ್ತಿದ್ದ ಕೆಲಸದ ಕಡೆಗೆ ಮಾತನ್ನು ತಿರುಗಿಸುವುದು ನನ್ನ ಉಪಾಯ. ಕೆಣಕಿ ಕೇಳಿದವರು ಯಾರೂ ಇರಲಿಲ್ಲ. ಅಮೆರಿಕದ ಕೇಂದ್ರ ಸರ್ಕಾರದ ಹಣ ಪಡೆಯುವ ಅಲ್ಲಿನ ವಿಶ್ವವಿದ್ಯಾಲಯಗಳು ಪ್ರವೇಶಕ್ಕೆ ಮುಂಚೆ ಅರ್ಜಿದಾರರ ಅಂಗವೈಕಲ್ಯದ ಬಗ್ಗೆ ವಿಚಾರಿಸುವುದನ್ನು 1973ರ ಪುನರ್ವಸತಿ ಕಾಯಿದೆಯ 504ನೇ ಸೆಕ್ಷನ್ನಿನ ನಿಯಮಗಳು ಸಾಮಾನ್ಯವಾಗಿ ನಿಷೇಧಿಸುತ್ತವೆ, ಮಾನಸಿಕ ಅಸ್ವಸ್ಥತೆಯೂ ಆ ವ್ಯಾಖ್ಯೆಯೊಳಗೆ ಬರಬಹುದು. ಬಲ್ಲ ಪ್ರಾಧ್ಯಾಪಕರು ಆ ದಾರಿಯಲ್ಲಿ ಹೆಜ್ಜೆ ಇಡುವುದಿಲ್ಲ.

ಪ್ರವೇಶ ದೃಢವಾದ ಮೇಲೆ ರೋಗದ ಹೆಸರು, ಮನೋವೈದ್ಯರ ಪತ್ರ, ಔಷಧಗಳ ವಿವರ ಎಲ್ಲವನ್ನೂ ನಾನು ಮುಚ್ಚುಮರೆಯಿಲ್ಲದೆ ಕೊಟ್ಟದ್ದು ವಿಶ್ವವಿದ್ಯಾಲಯದ ಅಂಗವಿಕಲ ವಿದ್ಯಾರ್ಥಿಗಳ ಸೇವಾ ಕಚೇರಿಗೆ. ಅಲ್ಲಿನ ಕಡತ ಪ್ರವೇಶದ ಕಡತದಿಂದ ಬೇರೆ. ಪ್ರಾಧ್ಯಾಪಕರಿಗೆ ಹೋಗುವ ಪತ್ರದಲ್ಲಿ ಇಂಥ ಅನುಕೂಲ ಕೊಡಿ ಎಂದಿರುತ್ತದೆ, ಏಕೆ ಎಂದಿರುವುದಿಲ್ಲ. ಪರೀಕ್ಷೆಗೆ ಹೆಚ್ಚುವರಿ ಸಮಯವೂ, ಅಗತ್ಯ ಬಿದ್ದರೆ ಒಂದು ಅವಧಿಗೆ ಕೋರ್ಸ್‌ಗಳನ್ನು ಕಡಿಮೆ ಮಾಡಿಕೊಳ್ಳುವ ಅವಕಾಶವೂ ಹೀಗೆ ಸಿಕ್ಕಿತು. ಎರಡನೆಯದನ್ನು ಬಳಸುವ ಮೊದಲು ವಿದ್ಯಾರ್ಥಿ ವೀಸಾದ ನಿಯಮಗಳಿಗಾಗಿ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯ ಒಪ್ಪಿಗೆಯನ್ನು ಮುಂಚಿತವಾಗಿಯೇ ಪಡೆಯಬೇಕು, ಅದಕ್ಕೆ ವೈದ್ಯರ ಪತ್ರ ಬೇಕು ಎಂಬುದನ್ನು ಸೇರಿದ ಮೊದಲ ವಾರದಲ್ಲೇ ಕೇಳಿ ತಿಳಿದುಕೊಂಡೆ.