ಮೊದಲ ಕಾದಂಬರಿಯ ಬಿಡುಗಡೆಗೆ ಮುನ್ನ

ಸಭಾಂಗಣ ಗೊತ್ತುಮಾಡಿ, ಆಮಂತ್ರಣ ಹಂಚಿ, ಆಮೇಲೆ ಮುದ್ರಕರ ಬೆನ್ನು ಹತ್ತುವುದು ಹೊಸ ಲೇಖಕರು ಸಾಮಾನ್ಯವಾಗಿ ಮಾಡುವ ತಪ್ಪು. ಅವಸರಕ್ಕೆ ಬಲಿಯಾಗುವುದು ಕೊನೆಯ ಕರಡು. ಪುಟಗಳು ಅಚ್ಚಿಗೆ ಹೋದ ದಿನದಿಂದ ಕನಿಷ್ಠ ನಾಲ್ಕು ವಾರ ಬಿಟ್ಟು ದಿನ ನಿಗದಿ ಮಾಡಿ. ಬೆಂಗಳೂರಿನಲ್ಲಾದರೆ ಭಾನುವಾರ ಬೆಳಗ್ಗೆ ಹತ್ತೂವರೆ ಅನುಕೂಲ. ನವೆಂಬರ್ ಬೇಡವೇ ಬೇಡ; ರಾಜ್ಯೋತ್ಸವದ ಗದ್ದಲದಲ್ಲಿ ಸಭಾಂಗಣವೂ ಸಿಗದು, ಅತಿಥಿಗಳೂ ಸಿಗರು.

ಕರಡು ತಿದ್ದುವಾಗ ಕಥೆ ಓದಬೇಡಿ, ಅಕ್ಷರ ಓದಿ. ನೀವು ಯೂನಿಕೋಡ್‌ನಲ್ಲಿ ಟೈಪ್ ಮಾಡಿದ್ದನ್ನು ಪುಟ ಕಟ್ಟುವವರು ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿಗೆ ಬದಲಿಸಿಕೊಂಡರೆ ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹಾರಬಹುದು, ಒತ್ತಕ್ಷರ ಉದುರಬಹುದು. ‘ಬಸ್‌ನಲ್ಲಿ’ ಎಂಬುದು ‘ಬಸ್ನಲ್ಲಿ’ ಆಗುತ್ತದೆ, ಏಕೆಂದರೆ ನಡುವೆ ಇದ್ದ, ಅಕ್ಷರಗಳು ಕೂಡಿಕೊಳ್ಳದಂತೆ ತಡೆಯುವ, ಕಣ್ಣಿಗೆ ಕಾಣದ ಸಂಕೇತ ಬಿದ್ದುಹೋಗಿರುತ್ತದೆ. ಇಂಥವು ಪರದೆಯ ಮೇಲೆ ತಪ್ಪಿಸಿಕೊಳ್ಳುತ್ತವೆ. ಪ್ರಿಂಟ್ ತೆಗೆದು ಇನ್ನೊಬ್ಬರಿಂದ ಗಟ್ಟಿಯಾಗಿ ಓದಿಸಿ, ನೀವು ಮೂಲಪ್ರತಿ ಹಿಡಿದು ಕೂತುಕೊಳ್ಳಿ. ಪುಟ ಕಟ್ಟುವವರು ಇನ್‌ಡಿಸೈನ್ ತಂತ್ರಾಂಶ ಬಳಸುವವರಾದರೆ, ಅದರಲ್ಲಿ ಭಾರತೀಯ ಲಿಪಿಗಳನ್ನು ಸರಿಯಾಗಿ ಜೋಡಿಸುವ ವರ್ಲ್ಡ್ ರೆಡಿ ಕಂಪೋಸರ್ ಆಯ್ಕೆಯನ್ನು ಆರಿಸಿಕೊಳ್ಳಲು ಹೇಳಿ. ಫಾಂಟ್ ಬದಲಿಸುವ ರಗಳೆಯೇ ಇರದು.

ಕಾದಂಬರಿಗಳಿಗೆ ಸಾಮಾನ್ಯವಾದ ಡೆಮಿ 1/8 ಆಕಾರದ ಪುಸ್ತಕಕ್ಕೆ ಫಾರಂ (ಒಟ್ಟಿಗೆ ಅಚ್ಚಾಗಿ ಮಡಚಿಕೊಳ್ಳುವ ಪುಟಗಳ ಕಂತೆ) ಒಂದಕ್ಕೆ 16 ಪುಟದ ಲೆಕ್ಕ. 208 ಪುಟವಾದರೆ ಸರಿಯಾಗಿ 13 ಫಾರಂ. 211 ಆಯಿತೋ, ಹದಿನಾಲ್ಕನೆಯದಕ್ಕೂ ದುಡ್ಡು ತೆತ್ತು 13 ಪುಟ ಖಾಲಿ ಬಿಡಬೇಕು. ಅಧ್ಯಾಯಗಳ ಕೊನೆಯಲ್ಲಿ ಒಂದೆರಡೇ ಸಾಲು ಉಳಿದ ಪುಟಗಳನ್ನು ಹುಡುಕಿ ಹಿಂದಕ್ಕೆ ಎಳೆಯಿರಿ. 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ ತೂಗುವ) ಮ್ಯಾಪ್‌ಲಿಥೋ ಎಂಬ ಮುದ್ರಣ ಕಾಗದದಲ್ಲಿ 208 ಪುಟದ ಬೆನ್ನು ಸುಮಾರು 10 ಮಿಲಿಮೀಟರ್ ಬರುತ್ತದೆ. ಅಂದಾಜು ನೆಚ್ಚಿಕೊಳ್ಳದೆ ಮುದ್ರಕರಿಂದ ಖಾಲಿ ಹಾಳೆಯ ಡಮ್ಮಿ ಕಟ್ಟಿಸಿ ಅಳೆಯಿರಿ. ಲೆಕ್ಕ ತಪ್ಪಿದರೆ ಬೆನ್ನಿನ ಹೆಸರು ಮುಖಪುಟಕ್ಕೆ ಮಡಚಿಕೊಳ್ಳುತ್ತದೆ. ಮೊದಲ ಮುದ್ರಣಕ್ಕೆ 500 ಪ್ರತಿ ಸಾಕು.

ಸ್ವಂತ ಪ್ರಕಾಶನವಾದರೆ ಐಎಸ್‌ಬಿಎನ್‌ಗೆ (ಪುಸ್ತಕವನ್ನು ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯೆಗೆ) ಮುಖಪುಟ ಮುಗಿಯುವ ಮೊದಲೇ ಅರ್ಜಿ ಹಾಕಿ, ಹಿಂಬದಿಯ ಬಾರ್‌ಕೋಡ್‌ಗೆ ಅದೇ ಸಂಖ್ಯೆ ಬೇಕು. ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿ ಅದನ್ನು ಆನ್‌ಲೈನ್‌ನಲ್ಲಿ ಉಚಿತವಾಗಿ ಕೊಡುತ್ತದೆ. ದುಡ್ಡು ಕೇಳುವ ಮಧ್ಯವರ್ತಿ ಬೇಕಿಲ್ಲ. ಪುಸ್ತಕ ಹೊರಬಂದ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಪ್ರತಿ ಕಳಿಸಬೇಕೆಂದು 1954ರ ಕಾಯ್ದೆ ಹೇಳುತ್ತದೆ. ಕಬ್ಬನ್ ಪಾರ್ಕಿನ ರಾಜ್ಯ ಕೇಂದ್ರ ಗ್ರಂಥಾಲಯದಲ್ಲಿ ಪುಸ್ತಕದ ನೋಂದಣಿಯನ್ನೂ ಅದೇ ವರ್ಷ ಮುಗಿಸಿ. ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಅರ್ಜಿ ಹಾಕುವಾಗ ಅದು ಬೇಕಾಗುತ್ತದೆ.

ಇನ್ನು ವೇದಿಕೆ. ನಾಲ್ಕು ಕುರ್ಚಿಗಿಂತ ಹೆಚ್ಚು ಹಾಕಿಸಬೇಡಿ. ಪುಸ್ತಕ ಬಿಡುಗಡೆ ಮಾಡುವವರು ಎಷ್ಟೇ ದೊಡ್ಡವರಿರಲಿ, ಸಭೆ ನಿಲ್ಲುವುದು ಕೃತಿ ಪರಿಚಯ ಮಾಡುವವರ ಮೇಲೆ. ಅವರಿಗೆ ಮೂರು ವಾರ ಮೊದಲೇ ಸ್ಪೈರಲ್ ಹಾಕಿಸಿದ ಪ್ರತಿ ತಲುಪಿಸಿ. ಪಿಡಿಎಫ್ ಕಳಿಸಿ ಸುಮ್ಮನಾದರೆ ಅವರು ಮುನ್ನುಡಿಯಷ್ಟೇ ಓದಿಕೊಂಡು ಬರುತ್ತಾರೆ. ಹದಿನೈದು ನಿಮಿಷ ಸಮಯ, ಕಥೆಯ ಕೊನೆ ಬಿಟ್ಟುಕೊಡಬಾರದು: ಎರಡನ್ನೂ ಮೊದಲೇ ಹೇಳಿ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ನಿಮ್ಮ ಮಾತು ಅಧ್ಯಕ್ಷರ ಮಾತಿಗಿಂತ ಮುಂಚೆ ಇರಲಿ, ಏಳು ನಿಮಿಷಕ್ಕೆ ಮುಗಿಯಲಿ. ಕೃತಜ್ಞತೆಯ ಹೆಸರುಗಳನ್ನು ವಂದನಾರ್ಪಣೆಯವರಿಗೆ ಬರೆದುಕೊಡಿ. ಉಪ್ಪಿಟ್ಟು, ಕೇಸರಿಬಾತು, ಕಾಫಿ ಸಭೆಗೆ ಮೊದಲೇ ಆಗಲಿ.

ಬಿಡುಗಡೆಯ ಕಟ್ಟಿನ ಬಗ್ಗೆ ಒಂದು ಮಾತು. ಬಣ್ಣದ ಕಾಗದದ ನಾಲ್ಕೂ ಕಡೆ ಟೇಪ್ ಮೆತ್ತಿ, ರಿಬ್ಬನ್ನಿಗೆ ಬಿಗಿ ಗಂಟು ಹಾಕಿಟ್ಟರೆ ಹಿರಿಯರೊಬ್ಬರು ಕ್ಯಾಮೆರಾ ಮುಂದೆ ಉಗುರಿನಲ್ಲಿ ಕೆರೆಯುತ್ತಾ ನಿಲ್ಲಬೇಕಾಗುತ್ತದೆ. ಒಂದೇ ಕಡೆ ಟೇಪ್, ಎಳೆದರೆ ಬಿಚ್ಚುವ ಜಾರುಗಂಟು. ಒಳಗಿನ ಪುಸ್ತಕಗಳ ಮುಖಪುಟ ಮೇಲೆಯೇ ಇರಲಿ.

ಮಾರಾಟದ ಮೇಜು ಬಾಗಿಲ ಪಕ್ಕದಲ್ಲಿರಲಿ, ಅಲ್ಲಿ ನೀವು ಕೂರಬೇಡಿ. ಕೂತರೆ ಪರಿಚಯದವರೆಲ್ಲ ಗೌರವ ಪ್ರತಿ ನಿರೀಕ್ಷಿಸುತ್ತಾರೆ. ಬೆಲೆ 250 ಇಟ್ಟು ಶೇ 20 ರಿಯಾಯಿತಿ ಕೊಟ್ಟರೆ 200, ಚಿಲ್ಲರೆಯ ತಲೆನೋವಿಲ್ಲ. ಕ್ಯೂಆರ್ ಕೋಡ್ ದೊಡ್ಡದಾಗಿ ಮುದ್ರಿಸಿಡಿ, ಆದರೂ ನೂರರ ನೋಟುಗಳಿರಲಿ, ನೆಲಮಾಳಿಗೆಯ ಸಭಾಂಗಣಗಳಲ್ಲಿ ಸಿಗ್ನಲ್ ಕೈಕೊಡುತ್ತದೆ. ಹಸ್ತಾಕ್ಷರ ಬೇಕಾದವರಿಂದ ಚೀಟಿಯಲ್ಲಿ ಹೆಸರು ಬರೆಸಿಕೊಳ್ಳಿ. ಶ್ವೇತಾ ಅವರಿಗೆ ಶ್ವೇತ ಎಂದು ಬರೆದ ಪ್ರತಿಯನ್ನು ಇನ್ನೊಬ್ಬರಿಗೆ ಮಾರಲಾಗದು.

ವಿಮರ್ಶೆಗೆಂದು ಪತ್ರಿಕೆಗೆ ಎರಡೆರಡರಂತೆ ಪ್ರತಿಗಳನ್ನು ಮೊದಲೇ ಎತ್ತಿಡಿ. ಮಿಕ್ಕವನ್ನು ಎಣಿಸಿ, ಸೋಮವಾರವೇ ಅಂಗಡಿಗಳಿಗೆ ಚಲನ್ (ಕೊಟ್ಟ ಪ್ರತಿಗಳ ಲೆಕ್ಕದ ಚೀಟಿ) ಸಮೇತ ಮುಟ್ಟಿಸಿ. ಬಿಡುಗಡೆಯ ಸುದ್ದಿ ಓದಿದವರು ಅಂಗಡಿಗೆ ಬಂದು ಕೇಳುವುದು ಆ ವಾರವೇ.