ಮುಂಬಯಿಯ ಮ್ಯೂಸಿಯಂಗಳಿಗೆ ಎರಡು ದಿನ: ಯಾವ ವಾರ, ಯಾವ ದಾರಿ, ಏನು ಬಿಡಬೇಕು

ರಜೆಗೆಂದು ಮುಂಬಯಿಗೆ ಹೋದವರು ಗೇಟ್‌ವೇ, ಮರೀನ್ ಡ್ರೈವ್, ಜುಹೂ ಎಲ್ಲ ಮುಗಿಸಿ, ಬಿಸಿಲು ತಪ್ಪಿಸಿಕೊಳ್ಳಲು ಯಾವುದಾದರೂ ಮ್ಯೂಸಿಯಂ ಹೊಕ್ಕುವುದು ರೂಢಿ. ಎರಡನೇ ಮಹಡಿಗೆ ಹೋಗುವಷ್ಟರಲ್ಲಿ ಕಾಲು ಸೋತಿರುತ್ತದೆ, ಮಕ್ಕಳು ಕ್ಯಾಂಟೀನ್ ಎಲ್ಲಿ ಎಂದು ಕೇಳಲು ಶುರುಮಾಡಿರುತ್ತಾರೆ. ತಪ್ಪು ಮ್ಯೂಸಿಯಂನದ್ದಲ್ಲ, ನೋಡುವ ಕ್ರಮದ್ದು. ಹಡಗು, ರೈಲು, ಟ್ರಾಮ್ ಈ ಮೂರರಿಂದ ಬೆಳೆದ ಊರು ಮುಂಬಯಿ. ಇಲ್ಲಿ ಗಾಜಿನ ಪೆಟ್ಟಿಗೆಯಲ್ಲಿರುವುದು ಅರ್ಧ ಕತೆ ಮಾತ್ರ. ಉಳಿದರ್ಧ ಹೊರಗೆ ರಸ್ತೆಯಲ್ಲೇ ನಿಂತಿದೆ. ಆದ್ದರಿಂದ ಒಳಗೆ ಸ್ವಲ್ಪವೇ ನೋಡಿ, ತಕ್ಷಣ ಹೊರಗೆ ಬಂದು ಅದರ ಜೋಡಿಯನ್ನು ಹುಡುಕುವಂತೆ ದಾರಿ ಹಾಕಿಕೊಳ್ಳಬೇಕು.

ಮೊದಲು ವಾರ ಗೊತ್ತುಮಾಡಿಕೊಳ್ಳಿ

ಎಡವುವುದು ಹೆಚ್ಚಾಗಿ ಇಲ್ಲೇ. ವಡಾಲಾ ಬಳಿಯ ಆಣಿಕ್ ಡಿಪೊದಲ್ಲಿರುವ, ಊರಿನ ಬಸ್ ಓಡಿಸುವ ಸಂಸ್ಥೆ ಬೆಸ್ಟ್‌ನ ಸಾರಿಗೆ ಮ್ಯೂಸಿಯಂ ಸೋಮವಾರ, ಮಂಗಳವಾರ ತೆರೆಯುವುದಿಲ್ಲ. ಬೈಕುಲ್ಲಾದ ಡಾ. ಭಾವು ದಾಜಿ ಲಾಡ್ ಮ್ಯೂಸಿಯಂಗೆ ಬುಧವಾರ ರಜೆ. ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್, ಅಂದರೆ ಎಲ್ಲರ ಬಾಯಲ್ಲಿ ಸಿಎಸ್‌ಎಂಟಿ, ಅದರೊಳಗಿನ ರೈಲ್ವೆ ಪಾರಂಪರಿಕ ಗ್ಯಾಲರಿ ನೋಡಲು ಬಿಡುವುದು ಕೆಲಸದ ದಿನಗಳಲ್ಲಿ, ಅದೂ ಮಧ್ಯಾಹ್ನ ಮೂರರ ಮೇಲೆ. ಎಲ್ಲವನ್ನೂ ಕೂಡಿಸಿ ಕಳೆದರೆ ಉಳಿಯುವ ಜೋಡಿ ಗುರುವಾರ ಮತ್ತು ಶುಕ್ರವಾರ. ಶನಿವಾರ, ಭಾನುವಾರ ಹೋದರೆ ಸಿಎಸ್‌ಎಂಟಿ ಒಳಭಾಗವನ್ನು ಮರೆತುಬಿಡಿ. ದುರಸ್ತಿ, ಸರಕಾರಿ ರಜೆ ಅಂತ ವೇಳೆ ಬದಲಾಗುವುದುಂಟು. ಹಿಂದಿನ ದಿನ ಒಂದು ಫೋನ್ ಮಾಡಿಕೊಳ್ಳಿ.

ಅಕ್ಟೋಬರ್ ಕೊನೆಯಿಂದ ಫೆಬ್ರವರಿವರೆಗೆ ನಡೆಯಲು ಹಿತವಾದ ಹವೆ. ಉಳಿದುಕೊಳ್ಳಲು ಫೋರ್ಟ್ ಅಥವಾ ಕೊಲಾಬಾ ದುಬಾರಿ. ಸೆಂಟ್ರಲ್ ಲೈನಿನ ದಾದರ್, ಮಾಟುಂಗಾ ಆದರೆ ಎರಡೂ ದಿನಕ್ಕೆ ಅನುಕೂಲ.

ಗುರುವಾರ ಬೆಳಿಗ್ಗೆ: ಐಹೊಳೆಯಿಂದ ಶುರು

ಬೆಳಿಗ್ಗೆ ಹತ್ತೂಕಾಲಿಗೆ ಛತ್ರಪತಿ ಶಿವಾಜಿ ಮಹಾರಾಜ ವಾಸ್ತು ಸಂಗ್ರಹಾಲಯದ ಬಾಗಿಲು ತೆರೆಯುವಾಗಲೇ ಅಲ್ಲಿರಿ. ಹಿಂದಿನ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ ಇದು. 1905ರಲ್ಲಿ ಅಡಿಗಲ್ಲು ಬಿತ್ತು, ಕಟ್ಟಡ ಎದ್ದಿತು, ಅಷ್ಟರಲ್ಲಿ ಮೊದಲ ಮಹಾಯುದ್ಧ ಬಂದು ಸೈನಿಕರ ಆಸ್ಪತ್ರೆಯಾಯಿತು. ಮ್ಯೂಸಿಯಂ ಆಗಿ ಜನರಿಗೆ ತೆರೆದದ್ದು 1922ರಲ್ಲಿ. ವಾಸ್ತುಶಿಲ್ಪಿ ಜಾರ್ಜ್ ವಿಟೆಟ್. ಒಳಗೆ ಕಾಲಿಟ್ಟ ಕೂಡಲೇ ತಲೆಯೆತ್ತಿ ಗುಮ್ಮಟದ ಕೆಳಗಿನ ಕಮಾನುಗಳನ್ನು ನೋಡಿ. ಒಂದನ್ನೊಂದು ಹಾದುಹೋಗುವ ಆ ಕಮಾನುಗಳಿಗೆ ಮಾದರಿ ವಿಜಯಪುರದ ಗೋಳಗುಮ್ಮಟ. ಅದನ್ನು ಕಂಡವರಿಗೆ ಗುರುತು ಹಿಡಿಯಲು ಹೆಚ್ಚು ಹೊತ್ತು ಬೇಡ.

ನೆಲಮಹಡಿಯ ಶಿಲ್ಪ ಗ್ಯಾಲರಿ ಬಿಟ್ಟು ಬೇರೆಲ್ಲೂ ಹೋಗಬೇಡಿ ಎಂಬುದು ನನ್ನ ಖಚಿತ ಸಲಹೆ. ಐಹೊಳೆಯ ಹುಚ್ಚಪ್ಪಯ್ಯ ಗುಡಿಯ ಛಾವಣಿಯಲ್ಲಿದ್ದ ಫಲಕಗಳು ಅಲ್ಲಿವೆ: ಬ್ರಹ್ಮ, ನಂದಿಯ ಜತೆ ಶಿವಪಾರ್ವತಿ, ಶೇಷನ ಮೇಲೆ ಒರಗಿದ ವಿಷ್ಣು. ಚಾಲುಕ್ಯರ ಕಾಲದ ಈ ಕಲ್ಲುಗಳನ್ನು ಕೆತ್ತಿದ್ದು ಕತ್ತೆತ್ತಿ ನೋಡಲೆಂದು. ಈಗ ಅವು ಗೋಡೆಗೆ ಬಂದಿವೆ, ಎದುರೆದುರು ನಿಂತು ನೋಡಬಹುದು. ಐಹೊಳೆಗೆ ಹೋಗಿ ಆ ಗುಡಿಯ ಖಾಲಿ ಸೂರು ಕಂಡವರು ಇಲ್ಲಿ ತುಸು ಹೆಚ್ಚು ಹೊತ್ತು ನಿಲ್ಲುತ್ತಾರೆ. ಮೇಲಿನ ಮಹಡಿಗಳಲ್ಲಿ ಚಿತ್ರಗಳು, ಆಯುಧಗಳು, ಪಿಂಗಾಣಿ, ಇನ್ನೊಂದೆಡೆ ಹುಲ್ಲು ತುಂಬಿದ ಪ್ರಾಣಿಗಳು ಇವೆ. ಚೆನ್ನಾಗಿಯೇ ಇವೆ. ಇನ್ನೊಂದು ರಜೆಗೆ ಇರಲಿ.

ವಿಟೆಟ್‌ನ ಬೆನ್ನು ಹಿಡಿದು ಬಂದರಿಗೆ

ಅಲ್ಲಿಂದ ಹತ್ತು ನಿಮಿಷ ನಡೆದರೆ ಗೇಟ್‌ವೇ ಆಫ್ ಇಂಡಿಯಾ. 1924ರಲ್ಲಿ ತೆರೆದ ಇದೂ ವಿಟೆಟ್‌ನದೇ. ಫೋಟೊ ತೆಗೆಯುವವರ ಗುಂಪಿಗೆ ಬೆನ್ನು ಹಾಕಿ ಸಮುದ್ರದ ಕಡೆ ನೋಡಿ. ಎಡಗಡೆಗೆ ನೌಕಾಪಡೆಯ ಗೋದಿಗಳಿವೆ, ಅಂದರೆ ಹಡಗು ಕಟ್ಟುವ, ದುರಸ್ತಿ ಮಾಡುವ ಡಾಕ್‌ಗಳು; ಒಳಗೆ ಹೋಗಲು ಬಿಡುವುದಿಲ್ಲ. ಸೂರತ್ತಿನಿಂದ ಬಂದ ಪಾರ್ಸಿ ಬಡಗಿ ಲವ್‌ಜಿ ನುಸ್ಸೆರ್‌ವಾನ್‌ಜಿ ವಾಡಿಯಾ 1736ರಲ್ಲಿ ಇಲ್ಲಿ ಕೆಲಸ ಹಿಡಿದ. ಅವನ ವಂಶದವರು ಬ್ರಿಟಿಷ್ ನೌಕಾಪಡೆಗೇ ಯುದ್ಧನೌಕೆ ಕಟ್ಟಿಕೊಟ್ಟರು. ಓಕ್ ಮರದ ಕೊರತೆಯಲ್ಲಿದ್ದ ಇಂಗ್ಲೆಂಡಿಗೆ ಪಶ್ಚಿಮ ಕರಾವಳಿಯ ಸಾಗುವಾನಿ ವರವಾಗಿತ್ತು; ಮಲಬಾರಿನ ಜತೆಗೆ ನಮ್ಮ ಕೆನರಾ ಕಾಡುಗಳ ಮರವೂ ಮುಂಬಯಿ ಗೋದಿಗೆ ಹೋಯಿತು. ಇಲ್ಲಿ 1817ರಲ್ಲಿ ನೀರಿಗಿಳಿದ ಟ್ರಿಂಕೋಮಲಿ ಎಂಬ ಹಡಗು ಇಂದಿಗೂ ಇಂಗ್ಲೆಂಡಿನ ಹಾರ್ಟ್‌ಲ್‌ಪೂಲ್‌ನಲ್ಲಿ ತೇಲುತ್ತಿದೆ. ಗೆದ್ದಲಿಗೂ ಉಪ್ಪುನೀರಿಗೂ ಬಗ್ಗದ ಮರ ಅದು.

ಹಾರ್ನಿಮನ್ ಸರ್ಕಲ್ ದಾಟಿ ಬಲ್ಲಾರ್ಡ್ ಎಸ್ಟೇಟ್‌ಗೆ ಬನ್ನಿ. ಅಲೆಕ್ಸಾಂಡ್ರಾ ಡಾಕ್ ಅಗೆಯುವಾಗ ಬಂದ ಮಣ್ಣನ್ನು ಸಮುದ್ರಕ್ಕೆ ಸುರಿದು ಮಾಡಿದ ನೆಲ ಇದು, ಮೇಲಿನ ಕಟ್ಟಡಗಳ ವಿನ್ಯಾಸದಲ್ಲಿ ಮತ್ತೆ ವಿಟೆಟ್‌ನ ಕೈ. ಒಂದೇ ಬಣ್ಣದ ಕಲ್ಲು, ಒಂದೇ ಎತ್ತರ, ಮುಂಬಯಿಯಲ್ಲಿ ಅಪರೂಪಕ್ಕೆ ಸಿಗುವ ಅಗಲವಾದ ಫುಟ್‌ಪಾತ್. ಇಲ್ಲಿನ ಬಲ್ಲಾರ್ಡ್ ಬಂದರ್ ಗೇಟ್‌ಹೌಸ್ 1920ರಲ್ಲಿ ಹಡಗುಕಟ್ಟೆ ಬಲ್ಲಾರ್ಡ್ ಪಿಯರ್‌ಗೆ ಹೆಬ್ಬಾಗಿಲಾಗಿ ಕಟ್ಟಿದ್ದು. ನೌಕಾಪಡೆ ಅದನ್ನು ಸರಿಪಡಿಸಿ 2005ರಲ್ಲಿ ಪುಟ್ಟ ಕಡಲ ಮ್ಯೂಸಿಯಂ ಮಾಡಿತು. ಒಳಗೆ ಹೋಗಲು ಆ ದಿನ ಬಿಡುತ್ತಾರೋ ಇಲ್ಲವೋ ಮೊದಲೇ ವಿಚಾರಿಸಿ. ಬಿಡದಿದ್ದರೂ ನಷ್ಟವಿಲ್ಲ, ನೋಡಬೇಕಾದದ್ದು ಆ ಬಾಗಿಲೇ. ವಿಲಾಯತಿಯಿಂದ ಹಡಗಿನಲ್ಲಿ ಬಂದವರು ಇಲ್ಲಿಳಿದು, ಪಕ್ಕದ ಮೋಲ್ ನಿಲ್ದಾಣದಲ್ಲೇ ರೈಲು ಹತ್ತಿ ಉತ್ತರಕ್ಕೆ ಹೋಗುತ್ತಿದ್ದರು.

ಇದೇ ಬಂದರು ಸಾಲಿನ ವಿಕ್ಟೋರಿಯಾ ಡಾಕ್‌ನಲ್ಲಿ 1944ರ ಏಪ್ರಿಲ್ 14ರಂದು ಫೋರ್ಟ್ ಸ್ಟಿಕೀನ್ ಹಡಗು ಸಿಡಿಯಿತು. ಹತ್ತಿಯ ಮೂಟೆ, ಸಿಡಿಮದ್ದು, ಚಿನ್ನದ ಗಟ್ಟಿ ಮೂರನ್ನೂ ಒಂದೇ ಹಡಗಿಗೆ ತುಂಬಿದ್ದರು. ಅಂದು ಸತ್ತ ಅಗ್ನಿಶಾಮಕ ದಳದವರ ನೆನಪಿಗೇ ದೇಶದಲ್ಲಿ ಪ್ರತಿ ವರ್ಷ ಏಪ್ರಿಲ್ 14ರಿಂದ ಅಗ್ನಿಶಾಮಕ ಸಪ್ತಾಹ ನಡೆಯುವುದು. ಶಾಲೆಯಲ್ಲಿ ಆ ಸಪ್ತಾಹದ ಪ್ರಾತ್ಯಕ್ಷಿಕೆ ನೋಡಿದ ಮಕ್ಕಳಿಗೆ ಇದನ್ನು ಇಲ್ಲೇ ಹೇಳಿ, ಮರೆಯುವುದಿಲ್ಲ.

ಮೂರು ಗಂಟೆಗೆ ಸಿಎಸ್‌ಎಂಟಿ

ಫೋರ್ಟ್‌ನಲ್ಲಿ ಉಡುಪಿ ಹೋಟೆಲುಗಳಿಗೆ ಬರವಿಲ್ಲ. ಊಟ ಮುಗಿಸಿ ಮೂರಕ್ಕೆ ಸಿಎಸ್‌ಎಂಟಿ ತಲುಪಿ. 1853ರ ಏಪ್ರಿಲ್ 16ರಂದು ದೇಶದ ಮೊದಲ ಪ್ರಯಾಣಿಕರ ರೈಲು ಠಾಣೆಗೆ ಹೊರಟದ್ದು ಇಲ್ಲಿಂದಲೇ, ಆಗಿನ ಬೋರಿ ಬಂದರ್ ನಿಲ್ದಾಣದಿಂದ: 34 ಕಿ.ಮೀ. ದಾರಿ, 14 ಡಬ್ಬಿ, ಎಳೆಯಲು ಸಾಹಿಬ್, ಸಿಂಧ್, ಸುಲ್ತಾನ್ ಎಂಬ ಮೂರು ಎಂಜಿನ್. ಈಗಿನ ಕಟ್ಟಡ ಎಫ್.ಡಬ್ಲ್ಯು. ಸ್ಟೀವನ್ಸ್ ವಿನ್ಯಾಸದ್ದು, ಹತ್ತು ವರ್ಷ ಹಿಡಿದು 1888ರಲ್ಲಿ ಮುಗಿಯಿತು. 2004ರಿಂದ ವಿಶ್ವ ಪರಂಪರೆಯ ತಾಣ.

ಪಾರಂಪರಿಕ ಗ್ಯಾಲರಿಗೆ ಬೇರೆ ಟಿಕೆಟ್ ಇದೆ. ಮಾದರಿ ಎಂಜಿನ್, ಹಳೆ ಫೋಟೊ ನೋಡಿಕೊಂಡು ಬೇಗ ಮುಗಿಸಿ, ಗುಮ್ಮಟದಡಿಯ ಮೆಟ್ಟಿಲಿನ ಕಡೆ ಹೋಗಿ. ಗೋಡೆಗೆ ಅಂಟದೆ ಚಾಚಿಕೊಂಡ ಕಲ್ಲಿನ ಮೆಟ್ಟಿಲು, ಮೇಲೆ ಬಣ್ಣದ ಗಾಜಿನ ಬೆಳಕು. ಹೊರಬಂದ ಮೇಲೆ ಗೇಟಿನ ಎರಡು ಕಂಬ ನೋಡಿ: ಒಂದರ ಮೇಲೆ ಸಿಂಹ, ಇನ್ನೊಂದರ ಮೇಲೆ ಹುಲಿ, ಬ್ರಿಟನ್ ಮತ್ತು ಭಾರತ. ಗೋಡೆಯ ತುಂಬ ಕೆತ್ತಿರುವ ನವಿಲು, ಕೋತಿ, ಎಲೆಬಳ್ಳಿಗಳಲ್ಲಿ ಜೆ.ಜೆ. ಕಲಾಶಾಲೆಯ ವಿದ್ಯಾರ್ಥಿಗಳ ಕೈಕೆಲಸವಿದೆ. ಎಷ್ಟು ಪ್ರಾಣಿ ಸಿಗುತ್ತವೆ ಎಂದು ಎಣಿಸಲು ಮಕ್ಕಳಿಗೆ ಬಿಡಿ. ಐದೂವರೆಗೆ ಮೊದಲು ಅಲ್ಲಿಂದ ಕಾಲ್ತೆಗೆಯಿರಿ. ಆಫೀಸು ಬಿಟ್ಟ ಜನ ಲೋಕಲ್ ಹಿಡಿಯಲು ಬರುವ ಹೊತ್ತಿಗೆ ಕಲ್ಲು ನೋಡುತ್ತ ನಿಂತರೆ ನೂಕಿಕೊಂಡೇ ಹೋಗುತ್ತಾರೆ.

ಶುಕ್ರವಾರ: ಬೈಕುಲ್ಲಾದಿಂದ ಆಣಿಕ್‌ಗೆ

ಬೆಳಿಗ್ಗೆ ಬೈಕುಲ್ಲಾ ನಿಲ್ದಾಣದಲ್ಲಿಳಿದು ಮ್ಯೂಸಿಯಂ ಇರುವ ರಾಣಿಬಾಗ್ ತೋಟಕ್ಕೆ ನಡೆಯಿರಿ. ಭಾವು ದಾಜಿ ಲಾಡ್ ಮ್ಯೂಸಿಯಂ 1872ರಲ್ಲಿ ತೆರೆದದ್ದು, ಊರಿನ ಅತ್ಯಂತ ಹಳೆಯ ಮ್ಯೂಸಿಯಂ. ಹಸಿರು, ಬಂಗಾರದ ಬಣ್ಣದ ಕಂಬಗಳು, ನೆಲದಲ್ಲಿ ಇಂಗ್ಲೆಂಡಿನ ಮಿಂಟನ್ ಕಂಪನಿಯ ಹೆಂಚು. ದೊಡ್ಡ ಮ್ಯೂಸಿಯಂಗಿಂತ ನನಗೆ ಇದೇ ಹೆಚ್ಚು ಇಷ್ಟ, ಗಾತ್ರ ಮನುಷ್ಯರಿಗೆ ತಕ್ಕಂತಿದೆ. ನೇರ ಮಹಡಿಗೆ ಹೋಗಿ. ಏಳು ದ್ವೀಪಗಳು ಒಂದು ಊರಾದ ಕತೆ ನಕ್ಷೆಗಳಲ್ಲಿದೆ, ಊರಿನ ಕಸುಬು, ಪೇಟ, ಉಡುಪು ಎಲ್ಲ ಮಣ್ಣಿನ ಗೊಂಬೆಗಳಲ್ಲಿವೆ.

ಹೊರಗೆ ತೋಟದಲ್ಲಿ ಕಲ್ಲಿನ ಆನೆ ನಿಂತಿದೆ. ಗುಹೆಗಳ ದ್ವೀಪ ಎಲಿಫೆಂಟಾಕ್ಕೆ ಪೋರ್ಚುಗೀಸರು ಆ ಹೆಸರಿಟ್ಟದ್ದೇ ಅಲ್ಲಿದ್ದ ಈ ಆನೆಯನ್ನು ನೋಡಿ. 1864ರಲ್ಲಿ ಇಂಗ್ಲೆಂಡಿಗೆ ಸಾಗಿಸಲು ಎತ್ತುವಾಗ ಕ್ರೇನ್ ತುಂಡಾಗಿ ಆನೆ ಬಿದ್ದು ಚೂರಾಯಿತು. ಐವತ್ತು ವರ್ಷದ ಮೇಲೆ ಚೂರುಗಳನ್ನು ಜೋಡಿಸಿ ಇಲ್ಲಿ ನಿಲ್ಲಿಸಿದರು. ಹತ್ತಿರ ಹೋದರೆ ಬೆಸುಗೆಯ ಗೆರೆಗಳು ಕಾಣುತ್ತವೆ.

ಸ್ಲೋ ಲೋಕಲ್ ಹಿಡಿದು ಮಾಟುಂಗಾಕ್ಕೆ ಬಂದು, ಸ್ಟೇಷನ್ ಪಕ್ಕದ ಎ. ರಾಮ ನಾಯಕ್ ಅವರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್‌ನಲ್ಲಿ ಊಟ ಮಾಡಿ. 1942ರಿಂದ ನಡೆಯುತ್ತಿರುವ ಮನೆ. ಕನ್ನಡದಲ್ಲಿ ಕೇಳಿದರೆ ಸಾರು ಇನ್ನೊಂದು ಸುತ್ತು ಬಂದೀತು. ಅಲ್ಲಿಂದ ಟ್ಯಾಕ್ಸಿಯಲ್ಲಿ ಆಣಿಕ್ ಡಿಪೊ ದೂರವಲ್ಲ. ಡಿಪೊ ಗೇಟಿನಲ್ಲಿ ‘ಮ್ಯೂಸಿಯಂ’ ಎಂದು ಹೇಳಿ, ದಾರಿ ತೋರಿಸುತ್ತಾರೆ.

ಬೆಸ್ಟ್‌ನ ಈ ಮ್ಯೂಸಿಯಂಗೆ ಪ್ರವಾಸಿಗರು ಬರುವುದೇ ಕಡಿಮೆ. ಥಳಕು ಏನಿಲ್ಲ. ಟ್ರಾಮ್, ಬಸ್ಸುಗಳ ಮಾದರಿ, ಟಿಕೆಟ್ ಪೆಟ್ಟಿಗೆ, ಟಿಕೆಟ್ ಯಂತ್ರ. ಸಂಸ್ಥೆ ವಿದ್ಯುತ್ತನ್ನೂ ಪೂರೈಸುವುದರಿಂದ ಹಳೆ ಮೀಟರುಗಳು ಕೂಡ. ಮುಂಬಯಿಯಲ್ಲಿ ಕುದುರೆ ಎಳೆಯುವ ಟ್ರಾಮ್ ಶುರುವಾದದ್ದು 1874ರ ಮೇ 9ರಂದು. ಕೊಲಾಬಾದಿಂದ ಪಾಯ್‌ಧುನಿಗೆ ಮೂರಾಣೆ, ಟಿಕೆಟ್ ಕೊಡುತ್ತಿರಲಿಲ್ಲ. ಜನ ಹೆಚ್ಚಾಗಿ ದರ ಎರಡಾಣೆಗೆ ಇಳಿಯಿತು, ಪುಕ್ಕಟೆ ಹತ್ತುವವರೂ ಹೆಚ್ಚಾದರು. ಅದೇ ವರ್ಷ ಟಿಕೆಟ್ ಬಂತು. ಗಾಜಿನೊಳಗಿನ ಟಿಕೆಟ್ ಪೆಟ್ಟಿಗೆಗಳನ್ನು ಈ ಕತೆ ಗೊತ್ತಿದ್ದು ನೋಡಿದರೆ ಬೇರೆಯೇ ಕಾಣುತ್ತವೆ. 1907ರಲ್ಲಿ ವಿದ್ಯುತ್ ಟ್ರಾಮ್, 1926ರ ಜುಲೈ 15ರಂದು ಆಫ್ಘನ್ ಚರ್ಚ್‌ನಿಂದ ಕ್ರಾಫರ್ಡ್ ಮಾರ್ಕೆಟ್‌ಗೆ ಮೊದಲ ಬಸ್ಸು. ಕೊನೆಯ ಟ್ರಾಮ್ 1964ರ ಮಾರ್ಚ್ 31ರ ರಾತ್ರಿ ಬೋರಿ ಬಂದರ್‌ನಿಂದ ದಾದರ್‌ಗೆ ಓಡಿತು.

ಇದರ ಜೋಡಿ ಬೇಕಾದರೆ ಸಂಜೆ ಮತ್ತೆ ದಕ್ಷಿಣಕ್ಕೆ ಹೋಗಿ ಸಿಎಸ್‌ಎಂಟಿ ಎದುರು ಡಬಲ್ ಡೆಕ್ಕರ್ ಹತ್ತಿ. ಹಳೆಯ ಡೀಸೆಲ್ ಡೆಕ್ಕರ್‌ಗಳು 2023ರ ಸೆಪ್ಟೆಂಬರ್‌ನಲ್ಲಿ ನಿಂತವು, ಈಗಿನವು ವಿದ್ಯುತ್ತಿನವು, ಎ.ಸಿ. ಇದೆ. ಮೇಲಿನ ಮಹಡಿಯ ಮುಂದಿನ ಸೀಟಿಗೆ ಪೈಪೋಟಿ ಇರುತ್ತದೆ, ಮೊದಲ ನಿಲ್ದಾಣದಲ್ಲೇ ಹತ್ತಬೇಕು.

ಅರ್ಧ ದಿನ ಹೆಚ್ಚಿದ್ದರೆ

ಎಲಿಫೆಂಟಾ ದೋಣಿ ಎಲ್ಲರಿಗೂ ಗೊತ್ತು. ಸೋಮವಾರ ಗುಹೆ ಮುಚ್ಚಿರುತ್ತದೆ, ಮಳೆಗಾಲದಲ್ಲಿ ಕಡಲು ಎದ್ದರೆ ದೋಣಿ ಬಿಡುವುದಿಲ್ಲ. ಬೋರಿವಿಲಿ, ಕಾಂದಿವಿಲಿ ಕಡೆ ನೆಂಟರ ಮನೆಯಲ್ಲಿ ಇಳಿದವರಿಗೆ ನಾನು ಹೇಳುವುದು ಏಕ್ಸರ್. ಬೋರಿವಿಲಿ ಪಶ್ಚಿಮದಲ್ಲಿದೆ, ಸ್ಟೇಷನ್‌ನಿಂದ ಆಟೊದಲ್ಲಿ ಹೋಗಬಹುದು. ಏಕ್ಸರ್ ಗಾವ್, ವೀರಗಳ್ ಎಂದು ಕೇಳಿ. ಟಿಕೆಟ್ಟಿಲ್ಲ. ಕೊಂಕಣವನ್ನು ಆಳಿದ ಶಿಲಾಹಾರರ ಕಾಲದ ಎತ್ತರದ ವೀರಗಲ್ಲುಗಳು ಸಾಲಾಗಿ ನಿಂತಿವೆ, ಊರವರು ಪೂಜೆ ಮಾಡುತ್ತಾರೆ. ನಮ್ಮಲ್ಲಿಯಂತೆ ಇಲ್ಲೂ ಕೆಳಗಿನಿಂದ ಮೇಲಕ್ಕೆ ಓದಬೇಕು. ಆದರೆ ಕೆಲವು ಕಲ್ಲುಗಳ ಕೆಳಗಿನ ಸಾಲುಗಳಲ್ಲಿ ಕುದುರೆ, ತುರುಗಳ ಬದಲು ಹುಟ್ಟು ಹಾಕುವವರ ಸಾಲು ಹೊತ್ತ ಹಡಗುಗಳಿವೆ. ದೇವಗಿರಿಯ ಸೇವುಣ ದೊರೆ ಮಹಾದೇವನೊಡನೆ ಕಾದಿ ಶಿಲಾಹಾರ ಸೋಮೇಶ್ವರ ಕಡಲಲ್ಲಿ ಮುಳುಗಿದ ಯುದ್ಧ ಇದೇ ಎಂದು ಕೆಲವು ಇತಿಹಾಸಕಾರರು ಹೇಳುತ್ತಾರೆ. ಕಲ್ಲು ಇನ್ನೂ ಹಳೆಯದು ಎನ್ನುವವರೂ ಇದ್ದಾರೆ. ಬೆಳಿಗ್ಗೆ ಓರೆ ಬಿಸಿಲಿರುವಾಗ ಹೋಗಿ, ನಡುಹಗಲಲ್ಲಿ ಸವೆದ ಕೆತ್ತನೆ ಕಾಣಿಸುವುದಿಲ್ಲ.